ಮೂರು ಅಂಗಗಳೂ ಒಂದು ಬಾಗಿಲೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನನ್ನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಿರುವರು. ವೈದ್ಯರೂ ವಕೀಲರೂ ದೊಡ್ಡ ಕಚೇರಿಗಳ ಅಧಿಕಾರಿಣಿಯರೂ ಆಗಿರುವ ನನ್ನ ಸಹಪಾಠಿಗಳು ಬರೆಯುವಲ್ಲಿ, ನಾಲ್ಕನೆಯ ತರಗತಿಯ ಉಪಾಧ್ಯಾಯಿನಿಯೊಬ್ಬಳಿಗೆ ಬರೆಯತಕ್ಕದ್ದು ಏನಿದ್ದೀತೆಂದು ಬಹುಕಾಲ ಸುಮ್ಮನಿದ್ದೆನು. ಆದರೆ ಚಿಕ್ಕ ಮಕ್ಕಳಿಗೆ ರಾಜ್ಯಾಡಳಿತದ ಮೂರು ಅಂಗಗಳನ್ನು ಕಲಿಸಹೋಗಿ ನಾನು ಪಟ್ಟ ಪಾಡೊಂದುಂಟು. ಅದರಲ್ಲಿ ನನ್ನದೊಂದು ತಪ್ಪೂ ಸೇರಿರುವುದು. ಬೇರೆ ಕಡೆ ಹೇಳಲು ನಾಚಿಕೆಯಾದೀತು. ನಮ್ಮವರ ಮುಂದೆ ಹೇಳಬಹುದೆಂದು ಧೈರ್ಯ ಮಾಡಿದ್ದೇನೆ.

ನಾವು ಇಲ್ಲಿ ಓದುತ್ತಿದ್ದಾಗ ಪೌರನೀತಿಯ ಪಾಠವು ಊಟವಾದ ಮೇಲಿನ ಮೊದಲ ಗಂಟೆಗೆ ಬೀಳುತ್ತಿದ್ದಿತು. ಕರಿಹಲಗೆಯ ಮೇಲೆ ಮೂರು ಚೌಕಗಳು, ಅವುಗಳ ನಡುವೆ ಬಾಣದ ಗುರುತುಗಳು. ಶಾಸನಾಂಗವು ಕಾನೂನನ್ನು ಮಾಡುವುದು, ಕಾರ್ಯಾಂಗವು ನಡೆಸುವುದು, ನ್ಯಾಯಾಂಗವು ಅದರ ಅರ್ಥವನ್ನು ನಿರ್ಣಯಿಸುವುದು. ಇಷ್ಟನ್ನು ಬಾಯಿಪಾಠ ಮಾಡಿ ಹತ್ತಕ್ಕೆ ಒಂಬತ್ತು ಗುಣಗಳನ್ನು ಪಡೆದವರಲ್ಲಿ ನಾನೂ ಒಬ್ಬಳು. ಆ ಚೌಕಗಳೊಳಗೆ ಮನುಷ್ಯರಿರುತ್ತಾರೆಂಬುದು ಮಾತ್ರ ನಮ್ಮ ತಲೆಗೆ ಹೋಗಲಿಲ್ಲ. 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಕೆ. ಎಸ್. ನಾಗರತ್ನಮ್ಮನವರು, ಆ ಪೀಠವನ್ನೇರಿದ ಮೊದಲ ಮಹಿಳೆ. ನಾವು ಚೌಕಗಳನ್ನು ಬರೆಯುತ್ತಿದ್ದ ವರ್ಷಗಳೂ ಅವೇ. ಇನ್ನೂರು ಗಂಡಸರನ್ನು ‘ಕುಳಿತುಕೊಳ್ಳಿರಿ’ ಎಂದು ಹೇಳತಕ್ಕ ಅಧಿಕಾರ ಒಬ್ಬ ಹೆಂಗಸಿಗಿದೆಯೆಂದು ಆಗ ತಿಳಿದಿದ್ದರೆ, ಆ ಮಧ್ಯಾಹ್ನಗಳಲ್ಲಿ ನಾವು ಅಷ್ಟೊಂದು ತೂಕಡಿಸುತ್ತಿರಲಿಲ್ಲವೆಂದು ಈಗ ತೋರುವುದು.

ನಾನು ಪಾಠ ಹೇಳುವುದು ಹೂಡಿಯ ಒಂದು ಚಿಕ್ಕ ಶಾಲೆಯಲ್ಲಿ. ಬೆಂಗಳೂರಿನಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿರುವ ಈ ಊರು ನಾನು ಕೆಲಸಕ್ಕೆ ಸೇರಿದಾಗ ರಾಗಿಯ ಹೊಲಗಳ ನಡುವಣ ಹಳ್ಳಿಯಾಗಿದ್ದಿತು. ಪಟ್ಟಂದೂರು ಅಗ್ರಹಾರದ ಬಳಿ ಕಂಪ್ಯೂಟರ್ ಕಂಪನಿಗಳ ಗಾಜಿನ ಮನೆಗಳು ಎದ್ದ ಮೇಲೆ ಹೊಲಗಳು ಹೋಗಿ, ಅವುಗಳಲ್ಲಿ ಉತ್ತವರ ಮೊಮ್ಮಕ್ಕಳು ಬಾಡಿಗೆಗೆ ಕೊಡಲು ಮನೆಗಳನ್ನು ಕಟ್ಟಿದರು. ನನ್ನ ತರಗತಿಯಲ್ಲಿ ಹಳೆಯ ಹೂಡಿಯ ಮನೆತನದ ಮಕ್ಕಳು ನಾಲ್ಕೈದು ಮಂದಿ. ಉಳಿದವರು ಕಲಬುರಗಿ ರಾಯಚೂರುಗಳಿಂದಲೂ, ಆಂಧ್ರದಿಂದಲೂ, ಉತ್ತರ ದೇಶದಿಂದಲೂ ಬಂದ ಕಟ್ಟಡದ ಕೂಲಿಗಳ, ಕಾವಲುಗಾರರ, ಗಾಜಿನ ಮನೆಗಳ ನೆಲವೊರಸುವ ತಾಯಂದಿರ ಮಕ್ಕಳು. ಒಂದು ಮನೆ ಕಟ್ಟಿ ಮುಗಿದರೆ ಮಕ್ಕಳು ಶಾಲೆ ಬಿಡುವರು. ಇನ್ನೊಂದರ ಪಾಯ ತೋಡಿದರೆ ಹೊಸ ಮಕ್ಕಳು ಬರುವರು. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕುವುದೂ ಸೇರಿಸುವುದೂ ನನಗೆ ನಿತ್ಯದ ಕೆಲಸ.

2023ನೆಯ ಜೂನ್ ತಿಂಗಳಿನಲ್ಲಿ ನಾಲ್ಕನೆಯ ತರಗತಿಗೆ 31 ಮಕ್ಕಳಿದ್ದರು. ಮೂರು ಚೌಕಗಳನ್ನೇ ಬರೆದು ಪಾಠವನ್ನಾರಂಭಿಸಿದೆನು. ನಾವು ಕಲಿತಂತೆಯೇ ಕಲಿಸುವೆವಲ್ಲವೆ! ಹೆಸರುಗಳನ್ನು ಮೂರು ಸಲ ಹೇಳಿಸಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಅಂಗ ಎಂದರೆ ಕೈಕಾಲು ಅಲ್ಲವೇ ಟೀಚರ್? ಇವುಗಳಲ್ಲಿ ಕೈ ಯಾವುದು?” ಎಂದು ಕೇಳಿದನು. ನಲವತ್ತು ವರ್ಷಗಳಿಂದ ಆ ಮಾತನ್ನು ಆಡುತ್ತಿದ್ದರೂ ಅದರೊಳಗೆ ಒಂದು ಶರೀರವಿದೆಯೆಂದು ನಾನು ನೋಡಿರಲಿಲ್ಲ. ಕಾರ್ಯಾಂಗವು ಕೈ ಎಂದೆನು. ಶಾಸನಾಂಗವು ಬಾಯಿಯಾಗಲೆಂದು ಎಲ್ಲರೂ ಒಪ್ಪಿದರು. ನ್ಯಾಯಾಂಗವನ್ನು ನಾನು ಕಣ್ಣೆಂದು ಹೇಳಬೇಕೆಂದಿದ್ದೆನು, ಅಷ್ಟರಲ್ಲಿ ಒಬ್ಬಳು, “ಅದು ಕಿವಿ. ಇಬ್ಬರು ಜಗಳವಾಡಿದರೆ ಮೊದಲು ಕೇಳಬೇಕಲ್ಲ” ಎಂದಳು. ಅಂದಿನಿಂದ ನಮ್ಮ ತರಗತಿಯಲ್ಲಿ ಬಾಯಿ, ಕೈ, ಕಿವಿ ಎಂಬ ಹೆಸರುಗಳೇ ನಿಂತುವು.

ಹಗಲೂಟದ ಗಾಡಿಯು ಬಂದಿತು. ಸಾರಿನ ಪರಿಮಳಕ್ಕೆ ಪಾಠವು ನಿಲ್ಲುವುದು ಸಹಜವೇ. ಆದರೆ ಅದೇ ಹುಡುಗನು ಊಟವನ್ನು ಯಾವ ಅಂಗವು ಕಳುಹಿಸುತ್ತದೆಂದು ಕೇಳಿದನು. ಕೈ ಎಂದೆನು. “ಬಾಯಿ ಹೇಳಿದ್ದಕ್ಕೋ?” ಎಂದನು. ಇಲ್ಲಿ ನನಗೆ ನಿಜವಾಗಿ ಉತ್ಸಾಹ ಬಂದಿತು. ಯಾಕೆಂದರೆ ಈ ತಟ್ಟೆಯ ಅನ್ನದ ವಿಷಯದಲ್ಲಿ ಮೊದಲು ಅಲುಗಾಡಿದುದು ಕಿವಿಯೇ. 2001ರಲ್ಲಿ ರಾಜಸ್ಥಾನದ ಕಡೆ ಬರಗಾಲವಿದ್ದಿತು. ಸರ್ಕಾರದ ಉಗ್ರಾಣಗಳಲ್ಲಿಯೋ ಧಾನ್ಯವು ತುಂಬಿ ಕೊಳೆಯುತ್ತಿದ್ದಿತು. ನಾಗರಿಕರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಯೊಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿ ಈ ಅಸಂಗತವನ್ನು ಹೇಳಿಕೊಂಡಿತು. ನ್ಯಾಯಾಲಯವು ಕೇಳಿ, 2001ನೆಯ ನವೆಂಬರ್ 28ರಂದು ಒಂದು ಅಪ್ಪಣೆಯನ್ನು ಮಾಡಿತು: ಸರ್ಕಾರಿ ಮತ್ತು ಅನುದಾನ ಪಡೆಯುವ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟವನ್ನು ಕೊಡತಕ್ಕದ್ದು, ಅದರಲ್ಲಿ 300 ಕ್ಯಾಲೊರಿಗಳಾದರೂ 8ರಿಂದ 12 ಗ್ರಾಂ ಪ್ರೋಟೀನಾದರೂ ಇರತಕ್ಕದ್ದು, ವರ್ಷಕ್ಕೆ 200 ದಿವಸಗಳಿಗೆ ಕಡಮೆಯಾಗಕೂಡದು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಇದು ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ಹಣವನ್ನು ವರ್ಷ ವರ್ಷವೂ ಒಪ್ಪುವವರು ಶಾಸಕರು. ಕಡೆಗೆ 2013ರಲ್ಲಿ ಪಾರ್ಲಿಮೆಂಟು ಆಹಾರ ಭದ್ರತೆಯ ಕಾಯಿದೆಯನ್ನು ಮಾಡಿ ಶಾಲೆಯ ಊಟವನ್ನು ಕಾನೂನಿನೊಳಕ್ಕೆ ತಂದಿತು. ಕಿವಿ ಮೊದಲು, ಕೈ ಆಮೇಲೆ, ಬಾಯಿ ಹನ್ನೆರಡು ವರ್ಷಗಳ ತರುವಾಯ. ನಮ್ಮ ಪುಸ್ತಕದ ಬಾಣಗಳಾದರೋ ಒಂದೇ ದಿಕ್ಕಿಗೆ ಓಡುತ್ತಿದ್ದುವು.

ಮಕ್ಕಳು ಇದನ್ನೆಲ್ಲ ತಿನ್ನುತ್ತಲೇ ಕೇಳಿದರು. ಕಾನೂನಾದ ಮೇಲೆ ಸಾರು ನೀರಾಗಿದ್ದರೆ ಯಾರಿಗೆ ಹೇಳಬೇಕೆಂದು ಒಬ್ಬಳು ಕೇಳಿದಳು. ಅಂದು ಸಾರು ನೀರಾಗಿಯೇ ಇದ್ದಿತು.

ಪಾಠವು ಹೀಗೆ ಜೀವ ಹಿಡಿದುದನ್ನು ಕಂಡು, ಜುಲೈ ತಿಂಗಳಲ್ಲಿ ತರಗತಿಯನ್ನೇ ಒಂದು ಚಿಕ್ಕ ರಾಜ್ಯವನ್ನಾಗಿ ಮಾಡಿದೆನು. 31 ಮಕ್ಕಳೂ ಸಭೆಯ ಸದಸ್ಯರು. ಅವರೊಳಗಿಂದಲೇ ನಾಲ್ವರು ಮಂತ್ರಿಗಳು; ನಮ್ಮ ರಾಜ್ಯಾಂಗದಲ್ಲಿ ಮಂತ್ರಿಗಳ ಸಂಖ್ಯೆಯು ಸಭೆಯ ನೂರಕ್ಕೆ 15 ಭಾಗವನ್ನು ಮೀರಕೂಡದೆಂದು 2004ರಿಂದ ನಿಯಮವಿದೆಯಷ್ಟೆ, ಅದನ್ನೇ ಹಿಡಿದೆವು. 224 ಮಂದಿಯ ನಮ್ಮ ವಿಧಾನಸಭೆಗೆ ಆ ಲೆಕ್ಕದಲ್ಲಿ 34 ಮಂತ್ರಿಗಳು. ಐದನೆಯ ತರಗತಿಯಿಂದ ಮೂವರನ್ನು ನಾನೇ ಆರಿಸಿ ನ್ಯಾಯಾಧೀಶರನ್ನಾಗಿ ಕುಳ್ಳಿರಿಸಿದೆನು. ಸಭೆಯು ಕಸದ ಬುಟ್ಟಿಯ ವಿಷಯವಾಗಿಯೂ, ಆಟದ ಚೆಂಡಿನ ವಿಷಯವಾಗಿಯೂ ಕಾನೂನುಗಳನ್ನು ಮಾಡಿತು. ಕಿಟಕಿಯ ಪಕ್ಕದ ಜಾಗವನ್ನು ಕುರಿತ ಚರ್ಚೆಯು ಎರಡು ದಿವಸ ನಡೆದು, ಕಣ್ಣೀರಿನಲ್ಲಿ ಮುಗಿಯಿತು.

ಆದರೆ ನಾನು ಒಂದು ಉಪಾಯವನ್ನು ಮಾಡಿದ್ದೆನು. ನನ್ನ ಹಳೆಯ ನಾಲ್ಕು ನಿಯಮಗಳು ಹಾಗೆಯೇ ನಡೆಯತಕ್ಕದ್ದು, ಅವನ್ನು ಸಭೆಯು ಮುಟ್ಟಕೂಡದು ಎಂದು ಮೊದಲೇ ಹೇಳಿಬಿಟ್ಟಿದ್ದೆನು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದಾಗ, ದಸರೆಯ ಕಾಲದಲ್ಲಿ ಬಂದ ಆ 144 ಮಂದಿ ರೈತರೂ ವರ್ತಕರೂ ದಿವಾನರ ಮಾತನ್ನು ಕೇಳಬಹುದಾಗಿದ್ದಿತು, ತಮ್ಮ ಕುಂದುಕೊರತೆಗಳನ್ನು ಅರಿಕೆ ಮಾಡಬಹುದಾಗಿದ್ದಿತು. ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ. ಅದಕ್ಕೋಸ್ಕರ ನ್ಯಾಯವಿಧಾಯಕ ಸಭೆಯು ಹುಟ್ಟಲು 1907 ಬರಬೇಕಾಯಿತು. ಸ್ತ್ರೀಯರಿಗೆ ಮತದ ದಾರಿ ತೆರೆಯಲು 1923. ನಾನು ಮಕ್ಕಳಿಗೆ ಕೊಟ್ಟುದೂ ಸುಮಾರಾಗಿ 1881ರ ಸಭೆಯನ್ನೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆ ನಾಲ್ಕರಲ್ಲಿ ಒಂದು ನಿಯಮವು ಹೀಗಿದ್ದಿತು: ಗಂಟೆ ಹೊಡೆದ ಮೇಲೆ ಬಂದವರು ಮೊದಲನೆಯ ಪಾಠ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲತಕ್ಕದ್ದು. ಮೊದಲನೆಯ ಪಾಠವು ಲೆಕ್ಕ. ಒಬ್ಬ ಹುಡುಗಿಯು ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ, ತಡವಾಗಿಯೇ ಬರುತ್ತಿದ್ದಳು. ಬಂದು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬಾಗಿಲ ಚೌಕಟ್ಟಿಗೆ ತಾಗದಂತೆ ನಿಲ್ಲುವಳು. ಅಳುವುದಿಲ್ಲ, ಬೇಡಿಕೊಳ್ಳುವುದಿಲ್ಲ. ಅದನ್ನು ನಾನು ಮೊಂಡುತನವೆಂದು ತಿಳಿದಿದ್ದೆನು.

ಆಗಸ್ಟ್ ತಿಂಗಳಿನ ಕಡೆಯಲ್ಲಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳುವವಳು ನ್ಯಾಯಾಧೀಶರಿಗೆ ಒಂದು ಅರ್ಜಿಯನ್ನು ಕೊಟ್ಟಳು. ಹರಿದ ಹಾಳೆಯ ಮೇಲೆ ಎರಡೇ ಸಾಲು: ‘ಇವಳು ದಿನಾ ಹೊರಗೆ ನಿಲ್ಲುತ್ತಾಳೆ. ಇವಳಿಗೆ ಭಾಗಾಕಾರ ಬರುವುದಿಲ್ಲ.’ ತನ್ನ ಮೇಲಾದ ಅನ್ಯಾಯಕ್ಕಲ್ಲ, ಇನ್ನೊಬ್ಬಳಿಗಾಗಿ ಅರ್ಜಿ! ಎಲ್ಲರೂ ನನ್ನ ಮುಖವನ್ನು ನೋಡಿದರು. ಮೂವರು ನ್ಯಾಯಾಧೀಶರೂ ನೋಡಿದರು. ಒಂದು ನಿಮಿಷವೂ ಆಗಲಿಲ್ಲ. “ಟೀಚರ್ ಮಾಡಿದ್ದು ಸರಿ” ಎಂದು ದೊಡ್ಡವನು ಹೇಳಿದನು. ನಾನು ಅವರನ್ನು ಹೊಗಳಿದೆನು. ಹೊಗಳಿದೆನೆಂಬುದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಆ ರಾತ್ರಿ ಲೆಕ್ಕದ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಆ ಹುಡುಗಿಯ ಪುಸ್ತಕವು ಕೈಗೆ ಬಂದಿತು. ಭಾಗಾಕಾರದ ಹಾಳೆಗಳೆಲ್ಲ ಬರಿದು. ನಡು ನಡುವೆ ಒಂದೊಂದು ಲೆಕ್ಕವನ್ನು ಪಕ್ಕದವಳ ಪುಸ್ತಕದಿಂದ ನೋಡಿ ಬರೆದಿದ್ದಳು, ಉತ್ತರ ಮಾತ್ರ, ದಾರಿಯಿರಲಿಲ್ಲ. ಆಗ ವಿಚಾರಣೆಯನ್ನು ಮತ್ತೆ ಮನಸ್ಸಿಗೆ ತಂದುಕೊಂಡೆನು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕಿವಿಯೆಂದು ಹೆಸರಿಟ್ಟ ಅಂಗವು ನನ್ನ ಮುಖವನ್ನು ನೋಡಿ ತೀರ್ಪು ಹೇಳಿದ್ದಿತು. ಇನ್ನೊಂದೂ ನೆನಪಾಯಿತು. ಅದರ ಹಿಂದಿನ ವಾರವೇ ನ್ಯಾಯಾಧೀಶರಲ್ಲೊಬ್ಬಳನ್ನು, ಪಾಠದ ನಡುವೆ ಮಾತಾಡಿದಳೆಂದು, ನಾನು ತೆಗೆದು ಬೇರೊಬ್ಬನನ್ನು ಕುಳ್ಳಿರಿಸಿದ್ದೆನು. ಹೀಗಿರುವಲ್ಲಿ ಹತ್ತು ವರ್ಷದ ಮಕ್ಕಳು ಇನ್ನೇನು ಹೇಳಿಯಾರು? ನಿಯಮವನ್ನು ಮಾಡಿದವಳು ನಾನು, ಬಾಗಿಲಲ್ಲಿ ನಿಲ್ಲಿಸಿದವಳು ನಾನು, ನ್ಯಾಯಾಧೀಶರನ್ನು ಇಡುವವಳೂ ತೆಗೆಯುವವಳೂ ನಾನು. ನಮ್ಮ ಅಜ್ಜಂದಿರ ಕಾಲದ ಅಮಲ್ದಾರರು ಕಂದಾಯವನ್ನು ವಸೂಲು ಮಾಡುವವರೂ ಆಗಿದ್ದರು, ಮ್ಯಾಜಿಸ್ಟ್ರೇಟರೂ ಆಗಿದ್ದರು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ರಾಜ್ಯಾಂಗದ 50ನೆಯ ವಿಧಿಯು ಹೇಳಿದರೂ, ದೇಶಕ್ಕೆಲ್ಲ ಒಂದೇ ತೆರನಾಗಿ ಮ್ಯಾಜಿಸ್ಟ್ರೇಟರ ಎರಡು ವರ್ಗಗಳನ್ನು ಬಿಡಿಸಿದುದು 1974ನೆಯ ಏಪ್ರಿಲ್ 1ರಿಂದ ನಡೆದ ಹೊಸ ಅಪರಾಧ ಪ್ರಕ್ರಿಯಾ ಸಂಹಿತೆಯೇ. ನನ್ನ ತರಗತಿಯಲ್ಲಿ ಅಮಲ್ದಾರರ ದರ್ಬಾರು 2023ರಲ್ಲಿಯೂ ನಡೆಯುತ್ತಿದ್ದಿತು.

ಮರುದಿನ ಕರಿಹಲಗೆಯ ಮೇಲೆ ಒಂದು ಹೊಸ ನಿಯಮವನ್ನು ಬರೆದೆನು. ನ್ಯಾಯಾಧೀಶರು ಮಾರ್ಚ್ ತಿಂಗಳವರೆಗೆ ಇರತಕ್ಕದ್ದು, ಟೀಚರು ತೆಗೆಯಕೂಡದು, ತೆಗೆಯಬೇಕಾದರೆ ತರಗತಿಯ ಮೂರರಲ್ಲಿ ಎರಡು ಪಾಲು ಒಪ್ಪತಕ್ಕದ್ದು. ಇದು ನನ್ನ ಕಲ್ಪನೆಯಲ್ಲ. ಉಚ್ಚ ನ್ಯಾಯಾಲಯದ ನ್ಯಾಯಾಧೀಶರು 62 ವರ್ಷದವರೆಗೆ ಕುಳಿತಿರುವರು. ಪಾರ್ಲಿಮೆಂಟಿನ ಎರಡು ಮನೆಗಳಲ್ಲಿಯೂ ಬಂದು ಮತ ಕೊಟ್ಟವರ ಮೂರರಲ್ಲಿ ಎರಡು ಪಾಲು, ಅದೂ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಮೀರಿ, ಒಪ್ಪದ ಹೊರತು ಅವರನ್ನು ತೆಗೆಯುವಂತಿಲ್ಲ. ಅವರ ಸಂಬಳವನ್ನು ವರ್ಷ ವರ್ಷವೂ ಮತಕ್ಕೆ ಹಾಕುವಂತೆಯೂ ಇಲ್ಲ. ಇವೆಲ್ಲ ನಾನು ಓದಿ ತಿಳಿದಿದ್ದ ಸಂಗತಿಗಳೇ. ಯಾಕೆ ಹಾಗೆ ಬರೆದಿದ್ದಾರೆಂಬುದು ಮಾತ್ರ ಆ ಬರಿಯ ಹಾಳೆಗಳನ್ನು ನೋಡುವವರೆಗೆ ತಿಳಿದಿರಲಿಲ್ಲ.

ಮಕ್ಕಳು ನಂಬಲಿಲ್ಲ. ನಿಯಮವನ್ನು ಬರೆದವಳು ಅಳಿಸಲೂ ಬಲ್ಲಳೆಂದು ಅವರಿಗೆ ಚೆನ್ನಾಗಿ ಗೊತ್ತಿದ್ದಿತು. ಅಕ್ಟೋಬರ್ ನವೆಂಬರ್‌ಗಳು ಕಳೆದುವು. ಬಾಗಿಲಲ್ಲಿ ಹುಡುಗಿಯು ನಿಲ್ಲುತ್ತಲೇ ಇದ್ದಳು. ಹಾಗಾದರೆ ನೀನಾದರೂ ಒಳಗೆ ಕರೆಯಬಹುದಾಗಿದ್ದಿತಲ್ಲವೆಂದು ನೀವು ಕೇಳುವಿರಿ. ಕರೆಯಬಹುದಾಗಿದ್ದಿತು. ನಿಯಮವನ್ನು ಒಬ್ಬಳಿಗಾಗಿ ಸಡಿಲಿಸಿದರೆ ಎಲ್ಲವೂ ಸಡಿಲವಾದೀತೆಂಬ ಭಯವು ಉಪಾಧ್ಯಾಯಿನಿಯರಿಗೆ ಬಹಳ ದೊಡ್ಡದು.

ಆ ವರ್ಷ ಹೂಡಿಗೆ ಮೆಟ್ರೋ ರೈಲು ಬಂದಿತು. ಮಾರ್ಚ್ ತಿಂಗಳಲ್ಲಿ ಕೃಷ್ಣರಾಜಪುರದವರೆಗೆ ಮಾತ್ರವಿದ್ದುದು ಅಕ್ಟೋಬರ್ 9ರಿಂದ ಬೈಯಪ್ಪನಹಳ್ಳಿಯನ್ನು ಸೇರಿ, ಹೂಡಿಯಲ್ಲಿ ಹತ್ತಿದವರು ಇಳಿಯದೆಯೇ ವಿಧಾನಸೌಧವನ್ನು ಮುಟ್ಟುವಂತಾಯಿತು. ಡಿಸೆಂಬರ್ ಮೊದಲನೆಯ ವಾರದಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಟೆವು. ಗರುಡಾಚಾರ್‌ಪಾಳ್ಯ, ಸಿಂಗಯ್ಯನಪಾಳ್ಯ, ಕೃಷ್ಣರಾಜಪುರ. ತಮ್ಮ ತಂದೆಯರು ಕಟ್ಟಿದ ಮನೆಗಳನ್ನು ಮೇಲಿನಿಂದ ನೋಡಿ ಬೆರಳಿಟ್ಟು ತೋರಿಸುವ ಸಂಭ್ರಮವೇ ಸಂಭ್ರಮ. ಮಹಾತ್ಮಗಾಂಧಿ ರಸ್ತೆಯನ್ನು ದಾಟಿ ರೈಲು ನೆಲದೊಳಕ್ಕೆ ಇಳಿದಾಗ ಎಲ್ಲರೂ ಒಮ್ಮೆಗೇ ಕೂಗಿದರು. ಮೇಲೆ ಬಂದರೆ ಒಂದು ಪಕ್ಕದಲ್ಲಿ ಬೂದುಬಿಳಿಯ ಕಲ್ಲಿನ ವಿಧಾನಸೌಧ, ಎದುರು ಪಕ್ಕದಲ್ಲಿ ಕೆಂಪು ಅಠಾರಾ ಕಚೇರಿ. ನಡುವೆ ಅಂಬೇಡ್ಕರ್ ಬೀದಿ.

ಯಾವ ಮನೆಯಲ್ಲಿ ಬಾಯಿ, ಯಾವ ಮನೆಯಲ್ಲಿ ಕೈ ಎಂದು ಕೇಳಿದರು. ಎರಡೂ ದೊಡ್ಡ ಮನೆಯಲ್ಲಿಯೇ ಎಂದು ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಆದರೆ ನಮ್ಮ ಪದ್ಧತಿಯೇ ಹಾಗೆ. ಮಂತ್ರಿಗಳು ಸಭೆಯೊಳಗಿನವರೇ, ಸಭೆಗೇ ಉತ್ತರ ಹೇಳಬೇಕಾದವರು. ಅಮೆರಿಕದಲ್ಲಿ ಇರುವಂತೆ ಬೇರೆ ಬೇರೆ ಮನೆಗಳಿಲ್ಲ. ಸಭೆಯು ಆ ದಿವಸ ಅಲ್ಲಿರಲಿಲ್ಲವೆಂಬುದು ಇನ್ನೂ ತಮಾಷೆಯಾಯಿತು. ಚಳಿಗಾಲದ ಅಧಿವೇಶನವು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತಿದ್ದಿತು. 224 ಮಂದಿಯೂ ಮೇಲ್ಮನೆಯ 75 ಮಂದಿಯೂ ಅಲ್ಲಿಗೆ ಹೋಗಿದ್ದರು. ‘ಬಾಯಿ ಊರಿಗೆ ಹೋಗಿದೆ’ ಎಂದು ಮಕ್ಕಳು ನಕ್ಕರು. ನೆಹರೂ ಅವರು 1951ನೆಯ ಜುಲೈ 13ರಂದು ಅಸ್ತಿಭಾರವನ್ನು ಹಾಕಿದುದನ್ನೂ, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದುದನ್ನೂ, 1956ರಲ್ಲಿ ಅದು ಮುಗಿದುದನ್ನೂ ಹೇಳಿದೆನು. ಕೂಲಿಗಳು ಎಷ್ಟು ಮಂದಿ, ಅವರ ಮಕ್ಕಳು ಎಲ್ಲಿ ಓದಿದರು ಎಂದು ಕೇಳಿದರು. ಸರ್ಕಾರದ ಕೆಲಸ ದೇವರ ಕೆಲಸ ಎಂಬ ಬರಹವನ್ನು ಅಕ್ಷರ ಕೂಡಿಸಿ ಓದಿದರು. ಕೆಂಪು ಕಟ್ಟಡವು 1868ರಲ್ಲಿ ಮುಗಿದಾಗ ನ್ಯಾಯಾಲಯಕ್ಕಾಗಿ ಕಟ್ಟಿದುದಲ್ಲ, ಹದಿನೆಂಟು ಇಲಾಖೆಗಳ ಕಚೇರಿಗಾಗಿ ಕಟ್ಟಿದುದು; ಹೆಸರೇ ಹೇಳುವುದು. 1956ರಲ್ಲಿ ಕಚೇರಿಗಳು ರಸ್ತೆಯನ್ನು ದಾಟಿ ಈ ಕಡೆಗೆ ಬಂದುವು, ನ್ಯಾಯಾಲಯವು ಆ ಕಡೆಯಲ್ಲಿ ನಿಂತಿತು.

ಅಷ್ಟರಲ್ಲಿ ನಮ್ಮ ನ್ಯಾಯಾಧೀಶರಲ್ಲಿ ಚಿಕ್ಕವಳು ನನ್ನ ಸೆರಗನ್ನು ಹಿಡಿದು, “ಈ ದೊಡ್ಡ ಮನೆಯವರು ತಪ್ಪು ಮಾಡಿದ್ದಾರೆಂದು ಕಿವಿ ಎಂದಾದರೂ ಹೇಳಿದ್ದುಂಟೇ?” ಎಂದಳು. ಪಾದಚಾರಿಯ ಕಲ್ಲಿನ ಮೇಲೆ ಎಲ್ಲರನ್ನೂ ಕುಳ್ಳಿರಿಸಿ, ಎಸ್. ಆರ್. ಬೊಮ್ಮಾಯಿಯವರ ಕಥೆಯನ್ನು ಹೇಳಿದೆನು. 1989ನೆಯ ಏಪ್ರಿಲಿನಲ್ಲಿ ಅವರು ಮುಖ್ಯಮಂತ್ರಿಗಳು. ಅವರಿಗೆ ಬೆಂಬಲವಿಲ್ಲವೆಂದು 19 ಮಂದಿ ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದುವು. ಅವರಲ್ಲಿ ಏಳು ಮಂದಿ ತಮ್ಮನ್ನು ತಪ್ಪುದಾರಿಗೆಳೆದು ರುಜು ಹಾಕಿಸಿದರೆಂದು ಮತ್ತೆ ಹೇಳಿದರು. ಸಭೆಯನ್ನು ಕರೆಯಿರಿ, ಅಲ್ಲಿಯೇ ಎಣಿಸೋಣವೆಂದು ಮುಖ್ಯಮಂತ್ರಿಗಳು ಕೇಳಿಕೊಂಡರು. ಎಣಿಸಲಿಲ್ಲ. ಏಪ್ರಿಲ್ 21ರಂದು ದೆಹಲಿಯ ಅಪ್ಪಣೆಯಿಂದ ಸರ್ಕಾರವು ಹೋಯಿತು. ಇಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಸೋಲಾಯಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 1994ನೆಯ ಮಾರ್ಚ್ 11ರಂದು, ಬೆಂಬಲವನ್ನು ಎಣಿಸತಕ್ಕ ಸ್ಥಳವು ಸಭೆಯ ಅಂಗಳವೇ ಹೊರತು ಯಾರ ಕೋಣೆಯೂ ಅಲ್ಲವೆಂದರು. ಆ ತೀರ್ಪು ಇಂದಿಗೂ ದೇಶಕ್ಕೆಲ್ಲ ಆಧಾರವಾಗಿದೆ. “ಹಾಗಾದರೆ ಅವರಿಗೆ ಖುರ್ಚಿ ಮತ್ತೆ ಸಿಕ್ಕಿತೇ?” ಎಂದು ಕೇಳಿದಳು. ಸಿಕ್ಕಲಿಲ್ಲ, ಐದು ವರ್ಷ ಆಗಿಹೋಗಿತ್ತು ಎಂದೆನು. ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಹಿಂದಿರುಗಿದ ಮೇಲೆ ಶಾಲೆಯ ಮುಂದಿನ ಬಾಯ್ದೆರೆದ ಚರಂಡಿಯ ವಿಷಯವಾಗಿ ಹೂಡಿಯ ‘ಬಾಯಿ’ಗೆ ಕಾಗದ ಬರೆಯುವೆವೆಂದರು. ಯಾರಿಗೆ ಬರೆಯಬೇಕು? ಮಹದೇವಪುರದ ನಗರಸಭೆಗೆ ಸೇರಿದ್ದ ಈ ಭಾಗವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಹೋಗಿದ್ದಿತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ನೆಯ ಸೆಪ್ಟೆಂಬರಿನಲ್ಲಿಯೇ ಮುಗಿದಿದ್ದು, ಅವರ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಕುಳಿತಿದ್ದರು. ಆಮೇಲೆ ಹೊಸ ಕಾಯಿದೆಯಾಗಿ, 2025ರಲ್ಲಿ ಪಾಲಿಕೆಯು ಐದಾಗಿ ಒಡೆದು, ಹೂಡಿಯು ಪೂರ್ವದ ಪಾಲಿಕೆಗೆ ಸೇರಿತು. ಸದಸ್ಯರಿಲ್ಲದೆ ಐದು ವರ್ಷಗಳು ತುಂಬಿದುವು. ಅಂದು ನಾನು ಮಕ್ಕಳಿಗೆ, ಬಾಯಿಯ ಜಾಗದಲ್ಲಿ ಸದ್ಯಕ್ಕೆ ಕೈಯೇ ಕುಳಿತಿದೆ ಎಂದೆನು. ಅದರಲ್ಲಿ ವಿಚಿತ್ರವೇನೂ ಅವರಿಗೆ ಕಾಣಲಿಲ್ಲ. “ನಮ್ಮ ಟೀಚರ್ ಹಾಗೆ” ಎಂದು ಯಾರೋ ಮೆಲ್ಲಗೆ ಹೇಳಿದರು. ಯಾರೆಂದು ನಾನು ವಿಚಾರಿಸಲಿಲ್ಲ.

ಜನವರಿಯಲ್ಲಿ ಶಾಲೆ ತೆರೆದ ವಾರ ಅದೇ ಅರ್ಜಿಯು ಮತ್ತೆ ಬಂದಿತು. ಈ ಸಲ ನ್ಯಾಯಾಧೀಶರು ನನ್ನನ್ನು ನೆಲದ ಚಾಪೆಯ ಮೇಲೆ ಕುಳಿತುಕೊಳ್ಳಬೇಕೆಂದು ಕೇಳಿದರು. ಕುಳಿತೆನು. ಚಿಕ್ಕವಳು ಆ ಹುಡುಗಿಯನ್ನು ಕರೆದು, “ನೀನು ಯಾಕೆ ತಡ?” ಎಂದಳು. ಏಳು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಹಾಕಿದವರು ಅವಳೇ ಮೊದಲು. ತಾಯಿಯು ಆರು ಗಂಟೆಗೇ ಕಚೇರಿಯ ನೆಲವೊರಸಲು ಹೋಗುವಳು. ತಂದೆಗೆ ವಾರಕ್ಕೆ ಎರಡು ಮೂರು ದಿವಸ ಬೆಳಗಿನ ಪಾಳಿ. ಆ ದಿವಸಗಳಲ್ಲಿ ಮೂರು ವರ್ಷದ ತಮ್ಮನನ್ನು ಅಂಗನವಾಡಿಗೆ ಬಿಡುವವಳು ಇವಳೇ. ಅಂಗನವಾಡಿಯ ಬಾಗಿಲು ತೆರೆಯುವುದೂ ನಮ್ಮ ಗಂಟೆ ಹೊಡೆಯುವುದೂ ಒಂದೇ ಹೊತ್ತಿಗೆ. ನಡುವೆ ರೈಲಿನ ಹಳಿ. ಇಷ್ಟನ್ನು ಅವಳು ಕಾಲ ಬೆರಳನ್ನು ನೋಡುತ್ತ ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದುದಕ್ಕೆ, ಬಾಗಿಲ ಹೊರಗಿನಿಂದ ಹೇಗೆ ಹೇಳುವುದೆಂದಳು.

ನನ್ನ ಪರವಾಗಿ ಮಂತ್ರಿಯೊಬ್ಬನು ವಾದಿಸಿದನು. ಇವಳನ್ನು ಒಳಗೆ ಬಿಟ್ಟರೆ ಎಲ್ಲರೂ ತಡವಾಗಿ ಬರುವರೆಂದನು. ನನ್ನ ಮಾತೇ ಅದು. “ಬಂದರೆ ಅವರನ್ನೂ ಯಾಕೆಂದು ಕೇಳೋಣ” ಎಂದಳು ಚಿಕ್ಕವಳು. ಮೂವರೂ ಗುಸುಗುಸು ಮಾತಾಡಿ ಹಾಜರಿ ಪುಸ್ತಕವನ್ನು ತರಿಸಿ, ಭಾಗಾಕಾರ ಆರಂಭವಾದ ಮೇಲೆ ಕೆಂಪು ಶಾಯಿಯ ಗುರುತುಗಳು ಎಷ್ಟೆಂದು ಎಣಿಸಿದರು. 19. ತೀರ್ಪನ್ನು ನೋಟುಪುಸ್ತಕದಲ್ಲಿ ಬರೆದರು: ಆ ನಿಯಮವನ್ನು ತರಗತಿಯು ಹೊಸದಾಗಿ ಮಾಡತಕ್ಕದ್ದು, ಟೀಚರು ಶಾಲೆ ಬಿಟ್ಟ ಮೇಲೆ 19 ದಿವಸ ಇವಳಿಗೆ ಲೆಕ್ಕವನ್ನು ಹೇಳಿಕೊಡತಕ್ಕದ್ದು.

ಇದು ಬರಿಯ ಆಟವೆಂದು ಹೇಳಿಬಿಡಲು ನನ್ನ ನಾಲಿಗೆಯ ತುದಿಯವರೆಗೆ ಬಂದಿದ್ದಿತು. ಸಂಜೆ ನಾಲ್ಕೂವರೆಗೆ ನನಗೆ ಮನೆಯಲ್ಲಿ ಕೆಲಸವಿದೆ, ಮಕ್ಕಳು ನನಗೆ ಶಿಕ್ಷೆ ಹಾಕುವುದೆಂದರೇನು ಎಂದು ಕೋಪವೂ ಬಂದಿತು. ದೊಡ್ಡವನು ಪುಸ್ತಕವನ್ನು ನನ್ನ ಮುಂದೆ ಹಿಡಿದನು; ಅವನ ಕೈ ನಡುಗುತ್ತಿದ್ದಿತು. ರುಜು ಹಾಕಿದೆನು.

ತರಗತಿಯು ಮಾಡಿದ ಹೊಸ ನಿಯಮದಂತೆ ತಡವಾಗಿ ಬಂದವರು ಬಾಗಿಲಲ್ಲಿ ಕಾರಣವನ್ನು ಹೇಳಿ ಒಳಗೆ ಬರಬಹುದು. ಇಬ್ಬರು ಹುಡುಗರು ನೀರಿನ ಟ್ಯಾಂಕರಿನ ನೆಪವನ್ನು ಹೇಳಿ ವಾರವೆಲ್ಲ ಹಾಯಾಗಿ ಬಂದರು. ಅವರ ಬೀದಿಗೆ ಟ್ಯಾಂಕರು ಬರುವುದು ಸಂಜೆಗೆಂದು ಪಕ್ಕದ ಮನೆಯವಳು ಹೇಳಿದ ಮೇಲೆ ಮಂತ್ರಿಗಳಿಗೂ ಕೆಲಸ ಸಿಕ್ಕಿತು.

ಆ ಹುಡುಗಿಯು ದಿನವೂ ತಮ್ಮನನ್ನು ಕರೆದುಕೊಂಡೇ ಪಾಠಕ್ಕೆ ಬರುತ್ತಿದ್ದಳು. ಅವನು ಮೂಲೆಯಲ್ಲಿ ಸೀಮೆಸುಣ್ಣವನ್ನು ನೆಕ್ಕುತ್ತ ಕುಳಿತಿರುವನು. ಶೇಷ ಉಳಿದರೆ ಏನು ಮಾಡಬೇಕೆಂಬುದೇ ಅವಳಿಗೆ ಕಷ್ಟವಾಗಿದ್ದುದು. ಎಂಟನೆಯ ದಿನ ಅದು ಸರಿಹೋಯಿತು, ಹತ್ತನೆಯ ದಿನ ಎರಡಂಕಿಯ ಭಾಜಕವನ್ನು ತಾನಾಗಿಯೇ ಮಾಡಿದಳು. ಹನ್ನೆರಡನೆಯ ದಿನ ಮುಗಿಸಿ, ನೋಟುಪುಸ್ತಕದಲ್ಲಿ ಹನ್ನೆರಡನೆಯ ಗೀಟನ್ನು ಎಳೆದಳು. ಫೆಬ್ರವರಿಯ ಆ ಸೋಮವಾರ ಬರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಕಟ್ಟಡವು ಮುಗಿದು, ಮೇಸ್ತ್ರಿಯು ಮನೆಯವರನ್ನೆಲ್ಲ ದೇವನಹಳ್ಳಿಯ ಕಡೆಗೆ ಕರೆದುಕೊಂಡು ಹೋದನೆಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದವಳು ಹೇಳಿದಳು. ವರ್ಗಾವಣೆಯ ಪತ್ರಕ್ಕೆ ಯಾರೂ ಬರಲಿಲ್ಲ. ನೋಟುಪುಸ್ತಕವು ನನ್ನ ಮೇಜಿನ ಅರೆಯಲ್ಲಿದೆ. ಹನ್ನೆರಡು ಗೀಟುಗಳಿವೆ, ಇನ್ನೂ ಏಳು ಪಾಠ ನನ್ನ ಮೇಲೆ ಬಾಕಿ.